ಮಹಾಕೂಟದ ಗುಡ್ಡದಲ್ಲಿ ನಮ್ಮ ಅಕ್ಕ

ನಮ್ಮ ಅಕ್ಕ ಬಸಲಿಂಗವ್ವನ ಮುಖ ನೀವು ನೋಡಿಯೇ ಇರುತ್ತೀರಿ. ಇಳಕಲ್ಲಿನಿಂದ ಬಾಗಲಕೋಟೆಗೆ ಹೋಗುವ ಬಸ್ಸು ಅಮೀನಗಡದಲ್ಲಿ ನಿಂತಾಗ ಎಡಗಡೆಯ ಕಿಟಕಿಯಲ್ಲಿ ಕೂತವರಿಗೆ ಒಂದು ಬೋರ್ಡಿನ ಮೇಲೆ ಕಾಣುತ್ತಾಳೆ, ಬಲಗಡೆ ಕೂತವರಿಗೆ ಇನ್ನೊಂದು ಬೋರ್ಡಿನ ಮೇಲೆ. ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಸೆರಗು, ಬಾಯಿ ತುಂಬ ನಗು. ಎಡಗಡೆಯದು ಹಿರಿಯ ಮಗ ಅನಿಲಕುಮಾರನ ಕರದಂಟಿನ ಅಂಗಡಿ, ಬಲಗಡೆಯದು ಕಿರಿಯ ಮಗ ಶಿವಪ್ರಕಾಶನದು. ಒಂದರ ಮೇಲೆ 'ಅಸಲಿ ಬಸಲಿಂಗವ್ವ ಕರದಂಟು' ಎಂದು ಬರೆದಿದೆ, ಇನ್ನೊಂದರ ಮೇಲೆ 'ಒರಿಜಿನಲ್ ಬಸಲಿಂಗವ್ವ ಕರದಂಟು' ಎಂದು. ಅವ್ವ ಒಬ್ಬಳೇ, ಫೋಟೋ ಕೂಡ ಒಂದೇ. ಡಬ್ಬಿಗಳ ಮೇಲೂ ಅದೇ ಫೋಟೋ.

ಆ ನಗುವನ್ನು ನಂಬಬೇಡಿ. ನನ್ನ ಮಗಳ ಮದುವೆಯಲ್ಲಿ ಬೀಗರ ಕಡೆಯ ದೊಡ್ಡ ಮನುಷ್ಯನೊಬ್ಬ ಚಪ್ಪಲಿ ಕಳೆದುಕೊಂಡು, ಎಲ್ಲರನ್ನೂ ಬೈಯುತ್ತ ಬರಿಗಾಲಲ್ಲಿ ಬಸ್ಸು ಹತ್ತಿದ್ದನ್ನು ನೋಡಿ ಆಕೆ ನಕ್ಕಿದ್ದಳು. ಶಿವಪ್ರಕಾಶ ಅದನ್ನು ಮೊಬೈಲಿನಲ್ಲಿ ಹಿಡಿದುಬಿಟ್ಟ. ಅದಕ್ಕೂ ಮೊದಲು ಆಕೆ ಯಾವಾಗ ನಕ್ಕಿದ್ದಳೋ ನನಗಂತೂ ನೆನಪಿಲ್ಲ.

ನಾನು ಆಕೆಯ ತಮ್ಮ ಅಮಾತೆಪ್ಪ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಮಾಡಿ ನಿವೃತ್ತನಾಗಿ, ಹುಟ್ಟಿದ ಊರು ಗುಡೂರಿನಲ್ಲಿ ಇದ್ದೇನೆ. ಜನ್ಮವೆಲ್ಲ ಬಸ್ಸಿನಲ್ಲಿ ಕಳೆದವನಿಗೆ ಜನರ ಮೇಲೆ ಹೆಚ್ಚು ಪ್ರೀತಿ ಉಳಿದಿರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಯಾರ ಬಗ್ಗೆಯೂ ಒಳ್ಳೆಯ ಮಾತು ಆಡುವ ಸಂಭವ ಕಡಿಮೆ.

ಅಕ್ಕನನ್ನು ಅಮೀನಗಡಕ್ಕೆ ಕೊಟ್ಟಾಗ ನಮ್ಮ ಭಾವ ಬಸ್ಸಿನ ಕಿಟಕಿಗಳಿಗೆ ಬುಟ್ಟಿ ಎತ್ತಿ ಹಿಡಿದು ಕರದಂಟು ಮಾರುತ್ತಿದ್ದ. ಇಬ್ಬರು ಗಂಡುಮಕ್ಕಳು ಇನ್ನೂ ಸಣ್ಣವರಿರುವಾಗಲೇ ಆತ ತೀರಿಕೊಂಡ. ಅಕ್ಕ ಬುಟ್ಟಿ ಹೊರಲಿಲ್ಲ, ಒಲೆಯ ಮುಂದೆ ಕೂತಳು. ಅಂಟು ಕರಿದು, ಕೊಬ್ಬರಿ ಹೆರೆದು, ಬೆಲ್ಲದ ಪಾಕ ಹಿಡಿದು, ಊರಿನ ಅರ್ಧ ಅಂಗಡಿಗಳಿಗೆ ಮಾಡಿ ಕೊಟ್ಟಳು. ಪಾಕ ಸಿಡಿದು ಎರಡೂ ಮುಂಗೈಗಳ ಮೇಲೆ ಕಲೆ ಬಿದ್ದವು. ಹುಡುಗರು ಸಾಲಿ ತಪ್ಪಿಸಿದರೆ ಅದೇ ಬಿಸಿ ಸೌಟಿನಿಂದ ಬಾರಿಸುತ್ತಿದ್ದಳು. ನಾನು ಬಿಡಿಸಲು ಹೋದರೆ ನನಗೂ ಒಂದು ಬೀಳುತ್ತಿತ್ತು. ಕೊನೆಗೆ ಸ್ವಂತ ಅಂಗಡಿ ಮಾಡಿದಳು. ಅದನ್ನು ಹಿರಿಯವನ ಕೈಗೆ ಕೊಟ್ಟಳು. ನಾಲ್ಕು ವರ್ಷದ ಹಿಂದೆ ಕಿರಿಯವನು ಅಣ್ಣನೊಡನೆ ಜಗಳ ಮಾಡಿಕೊಂಡು ರಸ್ತೆಯ ಆಚೆ, ಸರಿಯಾಗಿ ಎದುರಿಗೆ, ಇನ್ನೊಂದು ಅಂಗಡಿ ತೆರೆದ. ಅಂದಿನಿಂದ ಅಣ್ಣ ತಮ್ಮಂದಿರು ಮಾತು ಬಿಟ್ಟರು, ಅವ್ವ ಆರು ತಿಂಗಳು ಒಬ್ಬನ ಮನೆಯಲ್ಲಿ, ಆರು ತಿಂಗಳು ಇನ್ನೊಬ್ಬನ ಮನೆಯಲ್ಲಿ ಇರತೊಡಗಿದಳು. ಏನಾದರೂ ಹೇಳಲೇಬೇಕಾದರೆ ನಡುವೆ ನಾನಿದ್ದೇನೆ. "ಮಾಮಾ, ಅವನಿಗೆ ಹೇಳ್ರಿ" ಎಂದು ಒಬ್ಬ, "ಮಾಮಾ, ಅವನಿಗೆ ಹೇಳ್ರಿ" ಎಂದು ಇನ್ನೊಬ್ಬ, ಆತ ಮಾರುದೂರದಲ್ಲಿ ನಿಂತು ಕೇಳುತ್ತಿದ್ದರೂ.

ಅಕ್ಕನ ಶಿಸ್ತಿನ ಬಗ್ಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುವ ತನಕ ಆಕೆ ಒಂದು ಹನಿ ನೀರು ಕುಡಿಯುವುದಿಲ್ಲ. ಲಿಂಗ ಕಟ್ಟಿಕೊಳ್ಳದವರ ಕೈಯಿಂದ ನೀರು ಮುಟ್ಟುವುದಿಲ್ಲ. ನನ್ನ ಬಸ್ಸಿನಲ್ಲಿ ಬರುವಾಗಲೂ ತನ್ನ ತಂಬಿಗೆ ತಾನೇ ತರುತ್ತಿದ್ದಳು. ಒಮ್ಮೆ ಬೇಸಿಗೆಯಲ್ಲಿ ಆಕೆಗೆ ತಲೆ ತಿರುಗಿದಾಗ ನಮ್ಮ ಡ್ರೈವರ್ ಪಾಪ ತನ್ನ ನೀರಿನ ಬಾಟಲಿ ಕೊಡಲು ಬಂದ. ಆಕೆ ಮುಖ ಆಚೆ ತಿರುಗಿಸಿದಳು. ಆತ ತಿಂಗಳುಗಟ್ಟಲೆ ನನ್ನನ್ನು ಸರಿಯಾಗಿ ಮಾತನಾಡಿಸಲಿಲ್ಲ. ಈಗಿನವರು ಲಿಂಗವನ್ನು ದೇವರ ಜಗಲಿಯ ಮೇಲಿಟ್ಟು ಊರು ತಿರುಗುತ್ತಾರೆ. ಆಕೆಯ ಮಕ್ಕಳಂತೂ ಅವ್ವ ಎದುರಿಗೆ ಬರುವ ದಿನ ಮಾತ್ರ ಕಟ್ಟಿಕೊಳ್ಳುತ್ತಾರೆ. ಆಕೆಗೆ ಅದು ಗೊತ್ತಿಲ್ಲ ಎಂದು ತಿಳಿದಿದ್ದಾರೆ.

ಗುಡ್ಡ ಹತ್ತುವ ಯೋಚನೆ ಹಿರಿಯ ಸೊಸೆ ಮಹೇಶ್ವರಿಯದು. ಅನಿಲಕುಮಾರನ ಹೊಟ್ಟೆ ನೋಡಿ ಡಾಕ್ಟರು ನಡೆಯಲು ಹೇಳಿದ್ದರು. ಅಮೀನಗಡದಲ್ಲಿ ನಡೆಯಲು ರಸ್ತೆ ಇಲ್ಲವೇ? ಆದರೆ ಆಕೆ ಇಳಕಲ್ಲಿನ ಗೆಳತಿಯರ ಜೊತೆ ಒಮ್ಮೆ ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ಹೋಗಿಬಂದಿದ್ದಳು, ಫೋಟೋ ಹಾಕಿದ್ದಳು, ಮಂದಿ ಮೆಚ್ಚಿದ್ದರು. "ಫ್ಯಾಮಿಲಿ ಟ್ರೆಕ್ಕಿಂಗ್ ಮಾಡೂಣು, ಅತ್ತೀನ್ನೂ ಕರಕೊಂಡು" ಎಂದು ಹಟ ಹಿಡಿದಳು. ಅಕ್ಕ ಒಂದೇ ಮಾತು ಹೇಳಿದಳು.

"ಇಬ್ಬರೂ ಮಕ್ಕಳು ಬಂದ್ರ ಬರತೇನಿ. ಒಬ್ಬನ ಸಂಗಾಟ ಬರಾಂಗಿಲ್ಲ."

ಇಬ್ಬರೂ ಒಪ್ಪಿದರು. ಅದಕ್ಕೆ ಪ್ರೀತಿ ಕಾರಣವಲ್ಲ. ತಾನು ಹೋಗದಿದ್ದರೆ ಇನ್ನೊಬ್ಬ ಅವ್ವನ ಜೊತೆ ನಿಂತು ಹೊಸ ಫೋಟೋ ತೆಗೆಸಿಕೊಂಡಾನು ಎಂಬ ಹೆದರಿಕೆ. ನಡುವೆ ಮಾತು ದಾಟಿಸಲು ನನ್ನನ್ನು ಕರೆದರು. ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಿತ್ತೆಂದು ಮನೆಯಲ್ಲೇ ಬಿಟ್ಟರು. ಅದೊಂದು ಒಳ್ಳೆಯದಾಯಿತು.

ಶಿವರಾತ್ರಿ ಮುಗಿದು ಬಿಸಿಲು ಬಲಿತಿತ್ತು. ನಬಿಸಾಬನ ಕ್ರೂಸರಿನಲ್ಲಿ ಬೆಳಿಗ್ಗೆ ಹೊರಟೆವು. ನಬಿಸಾಬ ಅಮೀನಗಡದವನೇ, ಬಾಡಿಗೆ ಗಾಡಿ ಓಡಿಸುತ್ತಾನೆ. ಒರಟು ಮನುಷ್ಯ. ನಮ್ಮನ್ನು ಬಾದಾಮಿಯಲ್ಲಿ ಇಳಿಸಿ, ಸುತ್ತು ಹಾಕಿ ಮಹಾಕೂಟದಲ್ಲಿ ಕಾಯಬೇಕೆಂದು ಮಾತಾಗಿತ್ತು. "ಮಧ್ಯಾಹ್ನಕ್ಕ ಇನ್ನೊಂದು ಬಾಡಿಗಿ ಐತ್ರಿ, ತಡಾ ಮಾಡಿದ್ರ ಬಿಟ್ಟು ಹೋಗತೇನಿ" ಎಂದು ಮೊದಲೇ ಗದರಿಸಿದ್ದ. ಗಾಡಿಯಲ್ಲಿ ಅನಿಲಕುಮಾರ ಮುಂದೆ ಕೂತ, ಶಿವಪ್ರಕಾಶ ಹಿಂದೆ ಕೂತ. ಅವನ ಹೆಂಡತಿ ಸುನಂದಾ ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತಿದ್ದಳು. ಇಬ್ಬರ ಚೀಲಗಳಲ್ಲೂ ಅವರವರ ಅಂಗಡಿಯ ಕರದಂಟಿನ ಡಬ್ಬಿ ಇದ್ದವು.

ಅಕ್ಕನಿಗೆ ಸಕ್ಕರೆ ಕಾಯಿಲೆ. ದಿನಾಲೂ ಮುಂಜಾನೆ ಇನ್ಸುಲಿನ್ ಸೂಜಿ ಚುಚ್ಚಿಸಿಕೊಂಡು, ಪೂಜೆ ಮುಗಿಸಿ, ಕೂಡಲೇ ಉಣ್ಣುತ್ತಾಳೆ. ಆ ದಿನ ಮಹೇಶ್ವರಿ, "ಪೂಜಿ ಗುಡ್ಡದ ಮ್ಯಾಲ ಮಾಡ್ರಿ ಅತ್ತಿ, ಬಯಲಾಗ ಚಂದ ಆಕ್ಕೈತಿ" ಎಂದಳು. ಅಕ್ಕನಿಗೂ ಹೌದೆನಿಸಿತು. ಬಾದಾಮಿಯಲ್ಲಿ ಗಾಡಿಯಿಂದ ಇಳಿಯುವ ಮೊದಲು ಸೂಜಿ ಚುಚ್ಚಿದ್ದಾಯಿತು. ಇನ್ನೇನು ಮೇಲೆ ಹೋಗಿ ಪೂಜೆ ಮಾಡಿ ಉಣ್ಣುವುದೇ ತಾನೆ ಎಂದು ಎಲ್ಲರೂ ತಿಳಿದೆವು.

ಬಾದಾಮಿಯ ಗುಡ್ಡ ನೋಡಲು ಚಂದ, ಹತ್ತಲು ಅಲ್ಲ. ಕೆಂಪು ಬಂಡೆ ಕಾದಿತ್ತು, ನೆರಳಿಗೆಂದು ಒಂದು ಗಿಡ ಸಿಕ್ಕರೆ ಅದರ ಕೆಳಗೆ ಮಂಗಗಳು ಮೊದಲೇ ಕೂತಿದ್ದವು. ಅನಿಲಕುಮಾರ ಹತ್ತು ಹೆಜ್ಜೆಗೊಮ್ಮೆ ನಿಂತು ಸೊಂಟ ಹಿಡಿದುಕೊಳ್ಳುತ್ತಿದ್ದ. ಶಿವಪ್ರಕಾಶ ತೆಳ್ಳಗಿನವನು. ಅಣ್ಣ ನಿಂತಾಗಲೆಲ್ಲ ಬೇಕೆಂದೇ ಮುಂದೆ ಹೋಗಿ ಎತ್ತರದಲ್ಲಿ ನಿಂತು ಶಿಳ್ಳೆ ಹಾಕುತ್ತಿದ್ದ. ನನ್ನ ಮೊಣಕಾಲು ನೋಯುತ್ತಿತ್ತು, ಅದನ್ನು ಯಾರೂ ಕೇಳಲಿಲ್ಲ. ಎಲ್ಲರಿಗಿಂತ ಚೆನ್ನಾಗಿ ನಡೆದವಳು ಅಕ್ಕನೇ. ಸೀರೆಯನ್ನು ಎತ್ತಿ ಕಟ್ಟಿ, ಕೈಯಲ್ಲಿ ತಂಬಿಗೆ ಹಿಡಿದು, ಯಾರ ಕಡೆಯೂ ನೋಡದೆ ನಡೆದಳು.

ಮೇಲೆ ಬಂಡೆಯ ಹಾಸು ಬಂತು. ಅಕ್ಕ ಅಲ್ಲಿ ಕೂತಳು. ತಂಬಿಗೆಯ ನೀರಿನಿಂದ ಕೈ ತೊಳೆದುಕೊಂಡು, ವಿಭೂತಿ ಹಚ್ಚಿಕೊಂಡು, ಬೆಳ್ಳಿಯ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡಳು. ಕಣ್ಣು ಅದರ ಮೇಲೆ ನೆಟ್ಟಳು. ಅಷ್ಟು ಹೊತ್ತಿನ ಮೇಲೆ ಆ ಗುಡ್ಡ ಸ್ವಲ್ಪ ತಣ್ಣಗಾದಂತೆ ನನಗೆ ಅನ್ನಿಸಿತು.

ಮಹೇಶ್ವರಿ ಮೊಬೈಲ್ ತೆಗೆದಳು. ಅತ್ತೆಯ ಸುತ್ತ ಬಗ್ಗಿ, ಎದ್ದು, ವಿಡಿಯೋ ಮಾಡತೊಡಗಿದಳು. ಬಯಲಿನ ಪೂಜೆಯ ಚಂದ ಏನೆಂದು ಆಗ ನನಗೆ ತಿಳಿಯಿತು.

ಸುನಂದಾ ಹತ್ತಿರ ಬಂದಳು. "ಅಕ್ಕಾರ, ಆ ಫೋನ್ ಒಳಗ ಇಡ್ರಿ. ಅತ್ತಿ ಪೂಜಿ ಮಾಡೂದನ್ನ ನಾಳಿ ಅಂಗಡ್ಯಾಗ ಹಾಕಾಕ ಬೇಕೇನು?"

"ನಮ್ಮ ಮನ್ಯಾಗ ಇರೂ ಅತ್ತಿ. ನಾ ತಗೀತೇನಿ, ನಿನ್ನ ಕೇಳಿ ತಗೀಬೇಕೇನು?"

"ಆರು ತಿಂಗಳು ನಮ್ಮ ಮನ್ಯಾಗೂ ಇರತಾರ. ನಾವೇನು ಅವರನ್ನ ಬಿಸಲಾಗ ಕುಂದ್ರಿಸಿ ಪೂಜಿ ಮಾಡ್ಸಿಲ್ಲ."

ಶಿವಪ್ರಕಾಶ ನನ್ನ ಕಡೆ ತಿರುಗಿದ. "ಮಾಮಾ, ಅವನಿಗೆ ಹೇಳ್ರಿ. ಹೇಣ್ತಿ ಕೈಯಾಗಿನ ಫೋನ್ ಇಸಕೋ ಅನ್ರಿ, ಇಲ್ಲಂದ್ರ ನಾ ಇಸಕೋತೇನಿ."

"ಮಾಮಾ, ಅವನಿಗೆ ಹೇಳ್ರಿ," ಎಂದ ಅನಿಲಕುಮಾರ, "ಮುಟ್ಟಿ ನೋಡಂತ."

ಯಾರಿಗಾದರೂ ಏನಾದರೂ ಹೇಳುವಷ್ಟು ಹೊತ್ತು ನನಗೆ ಸಿಗಲಿಲ್ಲ. ಶಿವಪ್ರಕಾಶ ಫೋನಿಗೆ ಕೈ ಹಾಕಿದ. ಅನಿಲಕುಮಾರ ಅವನ ಕೊರಳಪಟ್ಟಿ ಹಿಡಿದ. ನಾಲ್ಕು ವರ್ಷ ಮಾತಾಡದೆ ಕೂಡಿಟ್ಟ ಬೈಗುಳವನ್ನೆಲ್ಲ ಇಬ್ಬರೂ ಒಂದೇ ಸಲಕ್ಕೆ ಹೊರಗೆ ಹಾಕಿದರು. ತೀರಿಹೋದ ನಮ್ಮ ಭಾವನ ಹೆಸರೂ ಅದರಲ್ಲಿ ಬಂತು. ಒಬ್ಬ ಇನ್ನೊಬ್ಬನ ಕೆನ್ನೆಗೆ ಹೊಡೆದ ಸದ್ದು ಕೇಳಿಸಿತು, ಯಾರು ಹೊಡೆದರೆಂದು ನನಗೆ ಕಾಣಲಿಲ್ಲ.

ಅಕ್ಕ ಎದ್ದಳು. ಅರ್ಧ ಪೂಜೆಯಲ್ಲಿ ಆಕೆ ಎದ್ದದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ನೇರ ನಡೆದು ಬಂದು ನಡುವೆ ಹೊಕ್ಕು, ಬಲಗೈಯನ್ನು ಒಬ್ಬ ಮಗನ ಎದೆಗೂ ಎಡಗೈಯನ್ನು ಇನ್ನೊಬ್ಬನ ಎದೆಗೂ ಕೊಟ್ಟು ನೂಕಿದಳು. ಒಬ್ಬನೇ ಮಗನಿದ್ದಿದ್ದರೆ ಒಂದೇ ಕೈ ಸಾಕಾಗುತ್ತಿತ್ತು. ಎಡ ಅಂಗೈಯಲ್ಲಿ ಲಿಂಗವಿತ್ತು ಎಂಬುದನ್ನು ಆಕೆ ಆ ಸಿಟ್ಟಿನಲ್ಲಿ ಮರೆತಿದ್ದಳು.

ಲಿಂಗ ಬಂಡೆಯ ಮೇಲೆ ಬಿತ್ತು. ಉರುಳಿತು. ಎಲ್ಲರೂ ನೋಡುತ್ತಿರುವಾಗಲೇ ಎರಡು ಬಂಡೆಗಳ ನಡುವಿನ ಬಿರುಕಿನೊಳಗೆ ಹೋಯಿತು.

ನಮ್ಮಲ್ಲಿ ಲಿಂಗ ಕೈಜಾರಿ ಬೀಳುವುದೆಂದರೆ ಏನೆಂದು ಹೊರಗಿನವರಿಗೆ ಹೇಳುವುದು ಕಷ್ಟ. ಅದು ದೇವರ ಮೂರ್ತಿ ಬಿದ್ದಂತಲ್ಲ, ತನ್ನ ಪ್ರಾಣವೇ ಬಿದ್ದಂತೆ. ಹಿಂದಿನವರು ಲಿಂಗ ಕಳೆದರೆ ಅದು ಸಿಗುವ ತನಕ ಅನ್ನ ನೀರು ಬಿಡುತ್ತಿದ್ದರು. ಹಾಗೆ ಜೀವ ಬಿಟ್ಟವರ ಕತೆಗಳನ್ನು ನಮ್ಮ ಅಜ್ಜಿ ಹೇಳುತ್ತಿದ್ದಳು. ಈಗ ಯಾರೂ ಅಷ್ಟು ಮಾಡುವುದಿಲ್ಲ, ಮಠಕ್ಕೆ ಹೋಗಿ ಬೇರೆ ಕಟ್ಟಿಸಿಕೊಳ್ಳುತ್ತಾರೆ. ಆದರೆ ಅಕ್ಕ ಹಿಂದಿನವಳು. ತನ್ನ ಎಡ ಅಂಗೈಯನ್ನು ಒಮ್ಮೆ ನೋಡಿಕೊಂಡಳು, ಬಿರುಕಿನ ಪಕ್ಕ ಕುಸಿದು ಕೂತಳು.

"ಅದು ಕೈಗೆ ಬರೂತನಾ ನಾ ಒಂದು ಹನಿ ನೀರ ಮುಟ್ಟಾಂಗಿಲ್ಲ."

"ಅವ್ವ, ಸಂಜಿಕೆ ಮಠಕ್ಕ ಹೋಗೂಣು," ಎಂದ ಅನಿಲಕುಮಾರ. "ಅಲ್ಲಿ ಸ್ವಾಮಿ ಅಜ್ಜಾರು ಹೊಸಾ ಲಿಂಗ ಕಟ್ಟತಾರ. ಈಗ ಒಂಚೂರು ಏನರ ತಿನ್ನು."

"ಅದೇನು ನಿನ್ನ ಅಂಗಡ್ಯಾಗಿನ ಡಬ್ಬಿ ಅಂತ ತಿಳದಿಯೇನು, ಹೋದರ ಇನ್ನೊಂದು ತರಾಕ?"

ಆಗ ಮೊದಲು ಸೂಜಿಯ ವಿಷಯ ಎತ್ತಿದವಳು ಸುನಂದಾ. "ಸೂಜಿ ಮಾಡಿ ಎಷ್ಟೊತ್ತಾತು? ಉಣ್ಣಲಿಲ್ಲಂದ್ರ ಸಕ್ಕರಿ ಇಳದು ಹೋಗತೈತಿ. ಡಾಕ್ಟರು ಹೇಳಿಲ್ಲೇನು?" ಕೂಡಲೇ ಮಹೇಶ್ವರಿ, "ನಾ ಸೂಜಿ ಮಾಡೂ ಮುಂದ ನೀ ಯಾಕ ಸುಮ್ನ ಇದ್ದಿ?" ಎಂದಳು. ಆ ಇಬ್ಬರು ಹೆಂಗಸರು ಅಲ್ಲಿಂದ ಶುರು ಹಚ್ಚಿದರು. ಅಕ್ಕನ ಹಣೆಯ ಮೇಲೆ ಬೆವರು ಒಡೆಯುತ್ತಿತ್ತು. ಗುಡ್ಡ ಹತ್ತುವಾಗ ಆಕೆ ಇಷ್ಟು ಬೆವರಿರಲಿಲ್ಲ. ಆಕೆಯ ಎರಡೂ ಕಡೆ, ಮಕ್ಕಳು ಚೀಲದಿಂದ ತೆಗೆದಿಟ್ಟ ಎರಡು ಡಬ್ಬಿ ತುಂಬ ಬೆಲ್ಲವಿತ್ತು, ಎರಡರ ಮೇಲೂ ಆಕೆಯ ಮುಖವೇ ನಗುತ್ತಿತ್ತು, ಆಕೆ ಮಾತ್ರ ಬಾಯಿ ಬಿಗಿಹಿಡಿದು ಕೂತಿದ್ದಳು.

ಮೊಬೈಲಿನ ಬೆಳಕು ಹಾಕಿ ನೋಡಿದೆವು. ಆಳೆತ್ತರದಷ್ಟು ಆಳವಾದ ಬಿರುಕು. ತಳದಲ್ಲಿ ಸ್ವಲ್ಪ ಮರಳಿತ್ತು, ಅದರ ಅಂಚಿಗೆ ಲಿಂಗ ನಿಂತಿತ್ತು. ಅಂಚಿನಾಚೆ ಇನ್ನೂ ಕತ್ತಲೆ. ಕೋಲು ಹಾಕಿದರೆ ಅದು ಆ ಕತ್ತಲೆಗೆ ಬೀಳುವುದು ಖಚಿತ. ಉಳಿದದ್ದು ಒಂದೇ ದಾರಿ. ತೆಳ್ಳಗಿನವನೊಬ್ಬ ತಲೆ ಕೆಳಗಾಗಿ ಇಳಿಯಬೇಕು, ಗಟ್ಟಿಗನೊಬ್ಬ ಅವನ ಕಾಲು ಹಿಡಿದುಕೊಂಡಿರಬೇಕು. ಅಲ್ಲಿ ತೆಳ್ಳಗಿನವನು ಶಿವಪ್ರಕಾಶ, ಗಟ್ಟಿಗನು ಅನಿಲಕುಮಾರ. ನನಗೆ ಹರ್ನಿಯಾ ಆಪರೇಷನ್ ಆಗಿ ಇನ್ನೂ ವರ್ಷ ತುಂಬಿರಲಿಲ್ಲ.

"ಭಾವಾರು ಕಾಲ ಹಿಡದ್ರ ನಮ್ಮವರು ಇಳಿಯಾಂಗಿಲ್ಲ" ಎಂದಳು ಸುನಂದಾ. "ಬೇಕಂತ ಬಿಟ್ರ?"

"ನಮ್ಮವರಿಗೆ ಬೆನ್ನು ಹಿಡಕೊಂಡ್ರ ನೀ ಬಂದು ತಿಕ್ಕತಿಯೇನು?" ಎಂದಳು ಮಹೇಶ್ವರಿ.

ಅಣ್ಣ ತಮ್ಮಂದಿರು ಆಚೆ ಈಚೆ ಮುಖ ಮಾಡಿ ನಿಂತರು. ನನ್ನ ತಲೆ ಕೆಟ್ಟುಹೋಯಿತು. ಅವರಿಬ್ಬರ ಅಪ್ಪ ಇದ್ದಿದ್ದರೆ ಇಬ್ಬರನ್ನೂ ಆ ಬಿರುಕಿಗೆ ತುರುಕುತ್ತಿದ್ದ. ನಾನು ನಬಿಸಾಬನಿಗೆ ಫೋನ್ ಮಾಡಿದೆ.

"ಏನ್ರಿ ಅಮಾತೆಪ್ಪನವರ, ಎಲ್ಲಿ ಅದೀರಿ? ನಾ ಇಲ್ಲಿ ಬಿಸಲಾಗ ಒಣಗಾಕತ್ತೇನಿ."

"ಮ್ಯಾಲ ಬಾ. ಒಬ್ಬ ಗಂಡಸ ಬೇಕಾಗ್ಯಾನ ಇಲ್ಲಿ."

ಅವನು ಬೈಯುತ್ತಲೇ ಬರುತ್ತೇನೆಂದ. ಆದರೆ ಆ ಕಡೆಯಿಂದ ಹತ್ತಿ ಬರಲು ಹೊತ್ತು ಬೇಕು. ಅಷ್ಟರಲ್ಲಿ ಅಕ್ಕನ ಕೈ ನಡುಗತೊಡಗಿತು. ಏನೋ ಕೇಳಿದರೆ ಏನೋ ಹೇಳಿದಳು. ನನ್ನನ್ನು ನೋಡಿ, "ಪಾಕ ಇಳಸು, ತಳಾ ಹತ್ತತೈತಿ" ಎಂದಳು. ಮಹೇಶ್ವರಿ ಒಂದು ತುಂಡು ಕರದಂಟನ್ನು ಆಕೆಯ ತುಟಿಗೆ ಒತ್ತಿದಳು. ಅಷ್ಟು ತಪ್ಪಿದ ಎಚ್ಚರದಲ್ಲೂ ಅಕ್ಕ ಹಲ್ಲು ಕಚ್ಚಿ ಮುಖ ತಿರುಗಿಸಿದಳು.

ನಾನು ಅನಿಲಕುಮಾರನ ಮುಂದೆ ಹೋಗಿ ನಿಂತೆ. "ಈಗ ಹಿಡೀತಿಯೋ ಇಲ್ಲೋ?" ಎಂದೆ. ಶಿವಪ್ರಕಾಶನನ್ನೂ ತೋಳು ಹಿಡಿದು ಎಳೆದು ತಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೆಲಸಕ್ಕೆ ಬಿದ್ದರು. ಅಕ್ಕ ಇದ್ದಕ್ಕಿದ್ದಂತೆ ಎಚ್ಚರಾಗಿ, "ಬರಿಗೈಲೆ ಮುಟ್ಟಬ್ಯಾಡ, ವಸ್ತ್ರ ತಗೋ" ಎಂದಳು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವ ಪದ್ಧತಿಯಿಲ್ಲ. ಶಿವಪ್ರಕಾಶ ಕೈಗೆ ವಸ್ತ್ರ ಸುತ್ತಿಕೊಂಡು ಬಿರುಕಿಗೆ ತಲೆ ಹಾಕಿದ. ಅನಿಲಕುಮಾರ ಕಾಲು ಅಗಲಿಸಿ ಕೂತು ಅವನ ಎರಡೂ ಕಾಲಿನ ಹರಡುಗಳನ್ನು ಹಿಡಿದ. ತಮ್ಮ ಸ್ವಲ್ಪ ಸ್ವಲ್ಪವಾಗಿ ಇಳಿದ. ಎದೆ, ಹೊಟ್ಟೆ, ಮೊಣಕಾಲು ಎಲ್ಲ ಒಳಗೆ ಹೋದವು. ಬಂಡೆ ಉಜ್ಜಿ ಅಂಗಿ ಹರಿದ ಸದ್ದು ಬಂತು. ಅನಿಲಕುಮಾರನ ಕುತ್ತಿಗೆಯ ನರ ಉಬ್ಬಿದ್ದವು.

"ಸಿಕ್ಕೈತಿ" ಎಂದು ಒಳಗಿನಿಂದ ಕೇಳಿಸಿತು.

ನಾನು ದೇವರಿಗೆ ಕೈ ಮುಗಿದೆ. ಮುಗಿಯಬಾರದಿತ್ತು, ಯಾಕೆಂದರೆ ಒಳಗಿನಿಂದ ಮತ್ತೆ ಮಾತು ಬಂತು.

"ಮಾಮಾ, ಅವನಿಗೆ ಹೇಳ್ರಿ. ಲಿಂಗ ನನ್ನ ಕೈಯಾಗ ಐತಿ. ಅವ್ವನ ಫೋಟೋ ಬೋರ್ಡಿನ ಮ್ಯಾಲಿಂದ ತಗೀತೇನಂತ ಆಣಿ ಮಾಡ್ಲಿ. ಆಮ್ಯಾಲ ಮ್ಯಾಲ ಬರತೇನಿ."

ತಲೆ ಕೆಳಗಾಗಿ ನೇತಾಡುತ್ತ, ಹೆತ್ತವಳ ಪ್ರಾಣವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವನು ಈ ಮಾತಾಡಿದ. ಅಣ್ಣನಾದರೂ ದೊಡ್ಡವನಾಗಿ ಹೂಂ ಎಂದಾನೇನೋ ಎಂದು ನಾನು ಅವನ ಮುಖ ನೋಡಿದೆ.

"ಮಾಮಾ, ಅವನಿಗೆ ಹೇಳ್ರಿ," ಎಂದ ಅನಿಲಕುಮಾರ, ಹಲ್ಲು ಕಚ್ಚಿ. "ಕಾಲು ನನ್ನ ಕೈಯಾಗ ಅದಾವು. ಅಂವ ತನ್ನ ಬೋರ್ಡ್ ಇಳಸ್ತೇನಂತ ಆಣಿ ಮಾಡ್ಲಿ. ಇಲ್ಲಂದ್ರ ಬಿಡತೇನಿ."

ಸುನಂದಾ ಚೀರಿ ಅವನ ಬೆನ್ನಿಗೆ ಗುದ್ದಿದಳು. ಮಹೇಶ್ವರಿ ಸುನಂದಾಳ ಕೂದಲಿಗೆ ಕೈ ಹಾಕಿದಳು. ನಾನು ಯಾರನ್ನು ಬಿಡಿಸಬೇಕೆಂದು ತಿಳಿಯದೆ ಅಕ್ಕನ ಕಡೆ ನೋಡಿದೆ. ಆಕೆ ಎಲ್ಲವನ್ನೂ ಕೇಳಿದ್ದಳು. ಆ ಹೊತ್ತಿಗೆ ಆಕೆಯ ಕಣ್ಣು ತಿಳಿಯಾಗಿದ್ದವು. ಇಬ್ಬರು ಮಕ್ಕಳ ಕಡೆ, ಅಂದರೆ ಒಬ್ಬನ ಬೆನ್ನಿನ ಕಡೆ, ಇನ್ನೊಬ್ಬನ ಅಂಗಾಲುಗಳ ಕಡೆ, ನೋಡುತ್ತ ಕೂತಿದ್ದಳು. ಅಂಥ ನೋಟವನ್ನು ನನ್ನ ವೈರಿಯ ಮೇಲೂ ಯಾರೂ ಬೀರುವುದು ಬೇಡ.

ಆಗ ಬಂಡೆಯ ಆ ಬದಿಯಿಂದ ನಬಿಸಾಬ ಏದುಸಿರು ಬಿಡುತ್ತ ಹತ್ತಿ ಬಂದ. ಬಂದವನೇ ಒಂದು ಗಳಿಗೆ ನಿಂತು ಕೇಳಿಸಿಕೊಂಡ. "ನಿಮ್ಮ ಯಾಪಾರ ಆಮ್ಯಾಲ ಮಾಡ್ರಲೇ" ಎಂದವನು ಅನಿಲಕುಮಾರನ ಕೈಯಿಂದ ಒಂದು ಕಾಲು ಕಿತ್ತುಕೊಂಡು ಜಗ್ಗಿದ. ಜಗ್ಗಿದ ಹೊಡೆತಕ್ಕೆ ಅನಿಲಕುಮಾರನೂ ಜಗ್ಗಲೇಬೇಕಾಯಿತು. ಶಿವಪ್ರಕಾಶ ಚೀಲ ಬಿದ್ದಂತೆ ಹೊರಗೆ ಬಂದು ಬಿದ್ದ. ಮುಖ ತರಚಿ ರಕ್ತ ಬರುತ್ತಿತ್ತು. ವಸ್ತ್ರದ ಗಂಟು ಕೈಯಲ್ಲಿ ಭದ್ರವಾಗಿತ್ತು.

"ಅವ್ವಾ" ಎಂದು ಕೈ ಚಾಚಿದ.

ಅಕ್ಕ ಅವನ ಕೈಯಿಂದ ತೆಗೆದುಕೊಳ್ಳಲಿಲ್ಲ. "ಕಲ್ಲಿನ ಮ್ಯಾಲ ಇಡು" ಎಂದಳು. ಅವನು ಇಟ್ಟ. ಆಕೆ ಮೊಣಕಾಲೂರಿ ಹೋಗಿ ತಾನೇ ಎತ್ತಿಕೊಂಡಳು. ತಂಬಿಗೆಯಲ್ಲಿ ಉಳಿದಿದ್ದ ನೀರನ್ನೆಲ್ಲ ಅದಕ್ಕೆ ಹೊಯ್ದು ತೊಳೆದಳು. ಕೈ ನಡುಗುತ್ತಿದ್ದುದರಿಂದ ಅರ್ಧ ನೀರು ಬಂಡೆಯ ಪಾಲಾಯಿತು. ಕಣ್ಣಿಗೆ ಒತ್ತಿಕೊಂಡಳು, ವಿಭೂತಿ ಹಚ್ಚಿದಳು, ತುಟಿ ಅಲುಗಿಸುತ್ತ ಪೂಜೆ ಮುಗಿಸಿ ಕರಡಿಗೆಯಲ್ಲಿಟ್ಟು ಕಟ್ಟಿಕೊಂಡಳು. ನಾನು ಆ ಹೊತ್ತಿನಲ್ಲಿ ಅಷ್ಟು ಭಯಪಟ್ಟಿದ್ದೆ, ಬೇಗ ಮುಗಿಸು ಎಂದು ಆಕೆಗೆ ಬೈದುಬಿಡುವವನಿದ್ದೆ.

ಮುಗಿದದ್ದೇ ತಡ, ಎರಡು ಬಾಟಲಿಗಳು ಆಕೆಯ ಮುಖದ ಮುಂದೆ ಬಂದವು. ಒಂದು ಬಲಗಡೆಯಿಂದ, ಒಂದು ಎಡಗಡೆಯಿಂದ. ಹಿಂದೆಯೇ ಎರಡು ತೆರೆದ ಡಬ್ಬಿಗಳು. ಆಕೆ ಅವುಗಳ ನಡುವಿನಿಂದ ಆಚೆ ನೋಡಿದಳು.

"ನಬಿಸಾಬ, ನೀರ ಅದಾವೇನಪ್ಪ?"

ನಬಿಸಾಬ ಗಾಬರಿಯಾದ. ಆಕೆಯ ಮಡಿ ಅಮೀನಗಡದ ಮಂದಿಗೆಲ್ಲ ಗೊತ್ತು. "ಅದಾವ್ರಿ ಯವ್ವಾ, ಖರೆ ನಾ ಬಾಯಿ ಹಚ್ಚಿ ಕುಡದದ್ದದು" ಎಂದ.

"ಇರಲಿ, ಕೊಡು."

ಅವನು ನನ್ನ ಮುಖ ನೋಡಿದ. ಕೊಡು ಎಂದು ನಾನು ಸನ್ನೆ ಮಾಡಿದೆ. ಕೊಟ್ಟ. ಆಕೆ ಗಟಗಟನೆ ಕುಡಿದಳು. ಆಮೇಲೆ ನಾನು ಸಕ್ಕರೆ ಇಳಿದಿದೆ, ಏನಾದರೂ ಸಿಹಿ ತಿನ್ನಲೇಬೇಕು ಎಂದೆ. ಗಾಡಿ ಓಡಿಸುವಾಗ ನಿದ್ದೆ ಬರಬಾರದೆಂದು ನಬಿಸಾಬ ಕಿಸೆಯಲ್ಲಿ ಪೆಪ್ಪರಮೆಂಟು ಇಟ್ಟುಕೊಂಡಿರುತ್ತಾನೆ. ಒಂದು ಹಿಡಿ ತೆಗೆದು ಕೊಟ್ಟ. ಊರಿಗೆಲ್ಲ ಕರದಂಟು ತಿನ್ನಿಸಿದವಳು ಆ ಅಗ್ಗದ ಪೆಪ್ಪರಮೆಂಟುಗಳನ್ನು ಒಂದರ ಹಿಂದೊಂದು ಬಾಯಿಗೆ ಹಾಕಿ ಕಡಿದು ನುಂಗಿದಳು. ಮಕ್ಕಳು ಡಬ್ಬಿ ಹಿಡಿದುಕೊಂಡು ನಿಂತೇ ಇದ್ದರು. ನನಗೆ ಅವರನ್ನು ನೋಡಿ ಒಂದಿಷ್ಟೂ ಕನಿಕರ ಬರಲಿಲ್ಲ.

ಮೈಗೆ ಸ್ವಲ್ಪ ಶಕ್ತಿ ಬಂದ ಮೇಲೆ ಅಕ್ಕ ಎದ್ದು ನಿಂತಳು.

"ಕೇಳ್ರಿ ಇಬ್ಬರೂ. ನಾ ಸತ್ತರ ನನ್ನ ಮಣ್ಣಿಗೆ ಬರಬ್ಯಾಡ್ರಿ."

ದನಿ ಏರಿಸಿ ಹೇಳಲಿಲ್ಲ. ಒಲೆಯ ಮುಂದೆ ಕೂತು ಕಟ್ಟಿಗೆ ತಾ ಎಂದು ಹೇಳುವಾಗಿನ ದನಿಯಲ್ಲೇ ಹೇಳಿದಳು. ಹೆತ್ತ ಮಕ್ಕಳು ಮಣ್ಣಿಗೆ ಬರುವುದು ಬೇಡ ಎನ್ನುವ ಮಾತಿಗಿಂತ ದೊಡ್ಡ ಬೈಗುಳ ನಮ್ಮ ಕಡೆ ಇಲ್ಲ. ಮಹೇಶ್ವರಿ ಅಳತೊಡಗಿದಳು. ಸುನಂದಾ ಬಾಯಿಗೆ ಸೆರಗು ಇಟ್ಟುಕೊಂಡಳು. ಅನಿಲಕುಮಾರ ನನ್ನ ತೋಳು ಹಿಡಿದ.

"ಮಾಮಾ, ಅವ್ವಗ ಹೇಳ್ರಿ..."

"ಹಲ್ಲು ಉದರಸ್ತೇನಿ ಮಗನ" ಎಂದೆ ನಾನು. "ಇನ್ನ ಮ್ಯಾಲ ನನ್ನ ಬಾಯಿಲೆ ಯಾರಿಗೂ ಏನೂ ಹೇಳಸಬ್ಯಾಡ."

ನಬಿಸಾಬನ ತೋಳು ಹಿಡಿದುಕೊಂಡು ಅಕ್ಕ ಮಹಾಕೂಟದ ಕಡೆ ಇಳಿದಳು. ಬಾದಾಮಿಯ ದವಾಖಾನೆಯಲ್ಲಿ ತೋರಿಸಿ, ಅಲ್ಲಿಂದ ನೇರ ಗುಡೂರಿಗೆ, ನಮ್ಮ ಮನೆಗೆ ಬಂದಳು. ನಬಿಸಾಬನ ಮಧ್ಯಾಹ್ನದ ಬಾಡಿಗೆ ತಪ್ಪಿಹೋಯಿತು. ಅದನ್ನು ಅವನು ಇಂದಿಗೂ ನನಗೆ ಎದುರಾದಾಗಲೆಲ್ಲ ಎತ್ತಿ ಆಡುತ್ತಾನೆ.

ಅಂದಿನಿಂದ ಅಕ್ಕ ನಮ್ಮಲ್ಲೇ ಇದ್ದಾಳೆ. ಸುಖವಾಗಿ ಇದ್ದೇವೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಹೆಂಡತಿ ಮಾಡಿದ ಪಲ್ಯಕ್ಕೆ ಉಪ್ಪು ಕಡಿಮೆ ಎನ್ನುತ್ತಾಳೆ, ನಾನು ಬೆಳಿಗ್ಗೆ ಮಲಗಿದ್ದರೆ ಹೊತ್ತು ಏರಿತೆಂದು ಕೋಲಿನಿಂದ ಬಾಗಿಲು ಬಡಿಯುತ್ತಾಳೆ. ಅಮೀನಗಡದ ಹೆಸರನ್ನು ಮಾತ್ರ ಎತ್ತುವುದಿಲ್ಲ. ಅಲ್ಲಿ ಎರಡೂ ಬೋರ್ಡುಗಳು ಇನ್ನೂ ಹಾಗೆಯೇ ಇವೆ.

ಮಕ್ಕಳು ಬರುತ್ತಾರೆ. ಅನಿಲಕುಮಾರ ಸೋಮವಾರ ಬಂದರೆ ಶಿವಪ್ರಕಾಶ ಗುರುವಾರ ಬರುತ್ತಾನೆ. ಇಬ್ಬರೂ ಎದುರುಬದುರಾಗದಂತೆ ವಾರ ಹಂಚಿಕೊಂಡಿದ್ದಾರೆ, ಅದನ್ನು ಯಾರ ಬಾಯಿಂದ ಹೇಳಿಸಿ ಹಂಚಿಕೊಂಡರೋ ನನಗೆ ತಿಳಿಯದು. ಹಣ್ಣು ತರುತ್ತಾರೆ, ಔಷಧ ತರುತ್ತಾರೆ, ಕಟ್ಟೆಯ ಮೇಲೆ ಇಟ್ಟು ಹೋಗುತ್ತಾರೆ.

ಹೋದ ಸೋಮವಾರ ಅಕ್ಕ ಪಡಸಾಲೆಯಲ್ಲಿ, ಬಾಗಿಲಿಗೆ ನೇರವಾಗಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಹೊರಗೆ ಕಾರು ನಿಂತಿತು.

"ಯಾರ ಬಂದಾರ?" ಎಂದಳು.

"ಅನಿಲ."

"ಒಬ್ಬನ ಬಂದಾನೇನು, ಇಬ್ಬರೂ ಕೂಡಿ ಬಂದಾರೇನು?"

ಪ್ರತಿ ಸಲವೂ ಇದನ್ನು ಕೇಳುತ್ತಾಳೆ. ಕೇಳುವಾಗ ಕೈಯಲ್ಲಿನ ಸೊಪ್ಪು ಹಾಗೆಯೇ ನಿಲ್ಲುತ್ತದೆ. ನನಗೆ ಆಗ ಅವರಿಬ್ಬರ ಮೇಲೆ ಬರುವ ಸಿಟ್ಟು ಇನ್ನಾವಾಗಲೂ ಬರುವುದಿಲ್ಲ.

"ಒಬ್ಬನ" ಎಂದೆ.

"ಹಂಗಾರ ನಾ ಮನ್ಯಾಗಿಲ್ಲಂತ ಹೇಳು."

ಅನಿಲಕುಮಾರ ಅಷ್ಟರಲ್ಲಿ ಹೊಸ್ತಿಲ ಹತ್ತಿರ ಬಂದು ನಿಂತಿದ್ದ. ಆಕೆ ಆಡಿದ್ದೆಲ್ಲ ಅವನ ಕಿವಿಗೆ ಬಿದ್ದಿತ್ತು. ನಾನು ಎದ್ದು ಹೋಗಿ, "ನಿಮ್ಮವ್ವ ಮನ್ಯಾಗಿಲ್ಲ" ಎಂದೆ. ಅವನು ನನ್ನ ಹೆಗಲ ಮೇಲಿನಿಂದ ಆಕೆಯನ್ನೇ ನೋಡುತ್ತಿದ್ದ. ಹಣ್ಣಿನ ಚೀಲ ಕೆಳಗಿಟ್ಟ.

"ಬಂದ ಮ್ಯಾಲ ಹೇಳ್ರಿ ಮಾಮಾ, ನಾ ಬಂದಿದ್ದೆ ಅಂತ" ಎಂದು ಹೇಳಿ ಕಾರು ಹತ್ತಿದ.

ಅಕ್ಕ ತಲೆ ಎತ್ತಲಿಲ್ಲ.